ನಾಯಕಿಯರ ಹೆಸರಿನಲ್ಲಿ ಜೋಡಿಸಿದ ಕಪಾಟುಗಳು: ಹಾಸನದ ಕ್ಯಾಸೆಟ್ ಅಂಗಡಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ, ಊರಿನವರು ಇಂದಿಗೂ ‘ಕ್ಯಾಸೆಟ್ ಅಂಗಡಿ’ ಎಂದೇ ಕರೆಯುವ ಮಳಿಗೆಯೊಂದಿದೆ. ಕರೆಯುವುದು ಹಾಗಾದರೂ ಈಗ ಅಲ್ಲಿ ಕ್ಯಾಸೆಟ್ಟುಗಳು ಒಂದು ರಟ್ಟಿನ ಪೆಟ್ಟಿಗೆಯಷ್ಟು ಮಾತ್ರ ಉಳಿದಿವೆ. ಮಿಕ್ಕ ಜಾಗವನ್ನೆಲ್ಲ ಹಳೆಯ ಕನ್ನಡ ಚಿತ್ರಗಳ ವಿಸಿಡಿ ಮತ್ತು ಡಿವಿಡಿಗಳು, ಗ್ರಾಮಫೋನ್ ತಟ್ಟೆಗಳು, ಒಂದು ಕಾಲದಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಮತ್ತು ಹಳೆಯ ಸಿನಿಮಾ ಪತ್ರಿಕೆಗಳ ಬಿಡಿ ಸಂಚಿಕೆಗಳು ತುಂಬಿಕೊಂಡಿವೆ. ಇಂಥ ಸರಕು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಹುಡುಕಿದರೆ ಸಿಗುತ್ತದೆ. ಆದರೆ ನಾನು ಕಂಡ ಬೇರೆ ಯಾವ ಅಂಗಡಿಯಲ್ಲೂ ಇಲ್ಲದ ಒಂದು ವ್ಯವಸ್ಥೆ ಇಲ್ಲಿದೆ. ಕಪಾಟುಗಳನ್ನು ನಾಯಕನಟರ ಹೆಸರಿನಲ್ಲಾಗಲಿ, ಅಕಾರಾದಿಯಾಗಿ ಚಿತ್ರಗಳ ಹೆಸರಿನಲ್ಲಾಗಲಿ ಜೋಡಿಸದೆ, ನಾಯಕಿಯರ ಹೆಸರಿನಲ್ಲಿ, ಆಯಾ ನಾಯಕಿಯ ಚಿತ್ರಗಳು ತೆರೆಕಂಡ ವರ್ಷದ ಕ್ರಮದಲ್ಲಿ ಜೋಡಿಸಿದ್ದಾರೆ. ಈ ವಿಮರ್ಶೆ ಮುಖ್ಯವಾಗಿ ಆ ಜೋಡಣೆಯನ್ನು ಕುರಿತದ್ದು.

ಅಂಗಡಿಯನ್ನು ನಡೆಸುತ್ತಿರುವವರು ತಂದೆಯಿಂದ ವ್ಯಾಪಾರ ವಹಿಸಿಕೊಂಡ ಮಧ್ಯವಯಸ್ಸಿನ ಮಹಿಳೆ. ಕಾಯಂ ಗಿರಾಕಿಗಳೆಲ್ಲ ಅವರನ್ನು ‘ಅಕ್ಕ’ ಎನ್ನುತ್ತಾರೆ, ವಯಸ್ಸಾದವರು ‘ಏನಮ್ಮ’ ಎಂದು ಮಾತಿಗೆ ತೊಡಗುತ್ತಾರೆ. ಈ ಜೋಡಣೆ ಯಾಕೆ ಎಂದು ಕೇಳಿದರೆ ಅವರ ಉತ್ತರ ನೇರವಾಗಿದೆ: “ಹೀರೋ ಹೆಸರು ಹೇಳಿ ಕೇಳೋರಿಗೆ ಎಲ್ಲಾ ಕಡೆ ಸಿಗುತ್ತೆ. ಹೀರೋಯಿನ್ ಹೆಸರು ಹೇಳಿ ಕೇಳೋರು ಎಲ್ಲಿಗೆ ಹೋಗ್ಬೇಕು ಹೇಳಿ?” ಮಾತು ನಿಜ. ಕನ್ನಡದ ಹಳೆಯ ಚಿತ್ರಗಳ ಡಿಸ್ಕುಗಳ ಹೊದಿಕೆಯನ್ನು ಗಮನಿಸಿದರೆ, ಕಥೆ ಯಾರದ್ದೇ ಆಗಿರಲಿ, ಮುಂಭಾಗದಲ್ಲಿ ದೊಡ್ಡದಾಗಿ ಕಾಣುವುದು ನಾಯಕನ ಮುಖವೇ. 1964ರ ‘ನಾಂದಿ’ ಚಿತ್ರದಲ್ಲಿ ಹರಿಣಿಯವರು ಕಿವಿ ಕೇಳದ, ಮಾತು ಬಾರದ ಹೆಣ್ಣಾಗಿ ಅಭಿನಯಿಸಿದ ರೀತಿಯನ್ನು ನೋಡಿದವರು ಮರೆಯಲಾರರು. ಈ ಅಂಗಡಿಯಲ್ಲಿ ನನ್ನ ಕೈಗೆ ಬಂದ ಆ ಚಿತ್ರದ ಡಿಸ್ಕಿನ ಹೊದಿಕೆಯಲ್ಲಿ ಅವರ ಚಿತ್ರವನ್ನು ಮೂಲೆಯಲ್ಲಿ ಹುಡುಕಬೇಕಾಯಿತು. ಅಂಗಡಿಯವರು ಪ್ರತಿ ಡಿಸ್ಕಿನ ಬೆನ್ನಿಗೆ ಬಿಳಿಯ ಕಾಗದದ ಪಟ್ಟಿಯೊಂದನ್ನು ಅಂಟಿಸಿ, ಅದರ ಮೇಲೆ ನಾಯಕಿಯ ಹೆಸರು ಮತ್ತು ವರ್ಷವನ್ನು ಕೈಯಿಂದ ಬರೆದಿದ್ದಾರೆ. ಕಪಾಟಿನ ಮುಂದೆ ನಿಂತವರಿಗೆ ಮೊದಲು ಕಾಣುವುದು ಆ ಬರಹವೇ.

ಪಂಡರಿಬಾಯಿಯವರ ಕಪಾಟಿನಿಂದ ಆರಂಭಿಸುವುದು ಉಚಿತ, ಏಕೆಂದರೆ ಈ ಅಂಗಡಿಯ ಕೆಲಸ ಅತ್ಯಂತ ಚೆನ್ನಾಗಿ ಆಗಿರುವುದು ಅಲ್ಲಿಯೇ. ಕಪಾಟಿನ ಬಾಗಿಲ ಒಳಬದಿಗೆ ಉದ್ದನೆಯ ಲೆಕ್ಕದ ಪುಸ್ತಕದ ಹಾಳೆಯೊಂದನ್ನು ಅಂಟಿಸಲಾಗಿದೆ. ವರ್ಷ, ಚಿತ್ರ, ಪಾತ್ರ ಎಂಬ ಮೂರು ಕಲಮುಗಳು; ನಾಯಕಿಯ ಪಾತ್ರಗಳನ್ನು ನೀಲಿ ಶಾಯಿಯಲ್ಲಿ, ತಾಯಿ, ಅತ್ತಿಗೆ, ಅತ್ತೆಯ ಪಾತ್ರಗಳನ್ನು ಕೆಂಪು ಶಾಯಿಯಲ್ಲಿ ಬರೆಯಲಾಗಿದೆ. ಪಟ್ಟಿ 1943ರ ‘ವಾಣಿ’ಯಿಂದ ಶುರುವಾಗುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ಸಾಲು ನೀಲಿಯಲ್ಲಿದೆ, ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಆ ಮೊದಲ ಚಿತ್ರದಲ್ಲಿ ಪಂಡರಿಬಾಯಿಯವರು ಕಣ್ಣಪ್ಪನ ಹೆಂಡತಿ ನೀಲಾ. ಹಾಗೆಯೇ ಕೆಳಗಿಳಿದು ಬಂದರೆ 1967ರ ‘ಬೆಳ್ಳಿಮೋಡ’ದ ಹೊತ್ತಿಗೆ ಶಾಯಿ ಕೆಂಪಾಗಿರುತ್ತದೆ. ಅಲ್ಲಿ ಅವರು ಕಲ್ಪನಾ ಅವರ ತಾಯಿ. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಪಟ್ಟಿಯ ಕೊನೆಯ ಭಾಗದಲ್ಲಿ 1986ರ ‘ಅನುರಾಗ ಅರಳಿತು’ ಬರುತ್ತದೆ. ಆ ಚಿತ್ರದ ನಾಯಕರೂ ರಾಜ್‌ಕುಮಾರ್ ಅವರೇ, ಆದರೆ ಪಂಡರಿಬಾಯಿಯವರು ಅಲ್ಲಿ ನಾಯಕನ ತಾಯಿ. ಒಂದೇ ಜೋಡಿ ಮೂವತ್ತೆರಡು ವರ್ಷಗಳ ಅಂತರದಲ್ಲಿ ಗಂಡಹೆಂಡಿರಾಗಿದ್ದವರು ತಾಯಿಮಗನಾದ ಈ ಸಂಗತಿ ಚಿತ್ರರಸಿಕರಲ್ಲಿ ಅನೇಕರಿಗೆ ಗೊತ್ತಿರುವುದೇ. ಆದರೂ ಅದನ್ನು ಬಿಡಿ ಸಂಗತಿಯಾಗಿ ಕೇಳುವುದಕ್ಕೂ, ಒಂದು ಹಾಳೆಯ ಮೇಲೆ ಶಾಯಿಯ ಬಣ್ಣ ಬದಲಾಗುವುದನ್ನು ಸಾಲು ಸಾಲಾಗಿ ನೋಡುತ್ತ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ನಾಯಕನ ಹೆಸರಿನಲ್ಲಿ ಜೋಡಿಸಿದ ಯಾವ ಕಪಾಟೂ ಇದನ್ನು ತೋರಿಸಲಾರದು, ಏಕೆಂದರೆ ಅಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದೇ ಬಣ್ಣದ ಶಾಯಿ ಸಾಕು.

ಈ ಪಟ್ಟಿಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಇನ್ನೊಂದು ಅಂಶವೆಂದರೆ, ಪಂಡರಿಬಾಯಿಯವರು ನಿರ್ಮಾಪಕಿಯೂ ಆಗಿದ್ದರೆಂಬುದನ್ನು ಅಂಚಿನಲ್ಲಿ ಗುರುತು ಹಾಕಿ ತೋರಿಸಿರುವುದು. 1955ರ ‘ಸಂತ ಸಖು’ ಮತ್ತು 1957ರ ‘ರಾಯರ ಸೊಸೆ’ ಚಿತ್ರಗಳ ಮುಂದೆ ‘ಸ್ವಂತ ತಯಾರಿಕೆ’ ಎಂದು ಬರೆದಿದೆ. ನಾಯಕಿಯಾಗಿ ಬೇಡಿಕೆಯಿದ್ದಾಗಲೇ ತಮ್ಮ ದುಡಿಮೆಯ ಹಣವನ್ನು ಚಿತ್ರಕ್ಕೆ ಹಾಕಿ, ತಂಗಿ ಮೈನಾವತಿಯವರಿಗೂ ಒಳ್ಳೆಯ ಪಾತ್ರ ಸಿಗುವಂತೆ ನೋಡಿಕೊಂಡ ಧೈರ್ಯ ಅದು. ಚಿತ್ರರಂಗದ ಚರಿತ್ರೆಯ ಬರಹಗಳಲ್ಲಿ ‘ಅಮ್ಮನ ಪಾತ್ರಗಳಿಗೆ ಹೆಸರಾದವರು’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುವ ಕಲಾವಿದೆಯ ವೃತ್ತಿಜೀವನ ಇಲ್ಲಿ ಪೂರ್ತಿಯಾಗಿ ಕಣ್ಣೆದುರಿಗೆ ಬರುತ್ತದೆ. ನಾನು ಅಲ್ಲಿದ್ದಾಗ ಅರಕಲಗೂಡಿನ ಕಡೆಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು, “ಪಂಡರಿಬಾಯಿ ಅಮ್ಮ ಆಗೋಕ್ ಮುಂಚಿನ ಪಿಕ್ಚರ್ ಯಾವ್ದಾದ್ರೂ ಕೊಡವ್ವ” ಎಂದು ಕೇಳಿದರು. ಬೇರೆ ಅಂಗಡಿಯಲ್ಲಾದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಅರ್ಧ ದಿನ ಬೇಕಾಗುತ್ತಿತ್ತು. ಇಲ್ಲಿ ಅಂಗಡಿಯವರು ಪಟ್ಟಿಯ ನೀಲಿ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದರು.

ಎಂ. ವಿ. ರಾಜಮ್ಮನವರ ಕಪಾಟು ಚಿಕ್ಕದು, ಆದರೆ ಅದರ ಪಟ್ಟಿಯೂ ಅಷ್ಟೇ ಎಚ್ಚರಿಕೆಯಿಂದ ಆಗಿದೆ. 1936ರ ‘ಸಂಸಾರ ನೌಕ’ದಲ್ಲಿ ಅವರು ನಾಯಕಿ, 1943ರ ‘ರಾಧಾರಮಣ’ವನ್ನು ತಾವೇ ನಿರ್ಮಿಸಿ, ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನಿಸಿಕೊಂಡರು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಬಿ. ಆರ್. ಪಂತುಲು ಅವರೊಂದಿಗೆ ಮುಪ್ಪಿನ ದಂಪತಿಗಳಾಗಿ ಅಭಿನಯಿಸಿದಾಗ ರಾಜಮ್ಮನವರಿಗೂ ನಲವತ್ತು ಮುಟ್ಟಿರಲಿಲ್ಲ. ಆ ಚಿತ್ರದ ಡಿಸ್ಕನ್ನು ಅಂಗಡಿಯಲ್ಲೇ ಹಾಕಿ ನೋಡಿದೆ. ಮೇಕಪ್ಪಿನ ನರೆಗೂದಲಿಗಿಂತ ಹೆಚ್ಚಾಗಿ, ಅವರು ಬೆನ್ನನ್ನು ತುಸು ಬಾಗಿಸಿ, ಸೆರಗನ್ನು ಎಳೆದು ಹೊದ್ದುಕೊಳ್ಳುವ ನಿಧಾನದಲ್ಲೇ ವಯಸ್ಸು ಕಾಣುತ್ತದೆ. ‘ಸಂಸಾರ ನೌಕ’ದಿಂದ ಈ ಪಾತ್ರಕ್ಕೆ ಇಪ್ಪತ್ತೆರಡು ವರ್ಷ. ಇಂಥ ನಟನೆಯನ್ನು ಸುಮ್ಮನೆ ‘ಪೋಷಕ ಪಾತ್ರ’ ಎಂದು ಬದಿಗಿಡುವುದು ಅನ್ಯಾಯವೇ ಸರಿ. ‘ಸ್ಕೂಲ್ ಮಾಸ್ಟರ್’ ಅನ್ನು ರಾಜಮ್ಮನವರ ಕಪಾಟಿನಲ್ಲಿ ಇಟ್ಟಿರುವುದೇ ಈ ಅಂಗಡಿ ಮಾಡಿರುವ ಒಂದು ಒಳ್ಳೆಯ ತೀರ್ಮಾನ.

ಲೀಲಾವತಿಯವರ ಕಪಾಟಿನಲ್ಲಿ ಡಿಸ್ಕುಗಳ ಸಂಖ್ಯೆ ಅತಿ ಹೆಚ್ಚು. 1960ರ ‘ರಣಧೀರ ಕಂಠೀರವ’ ಮತ್ತು ‘ರಾಣಿ ಹೊನ್ನಮ್ಮ’, 1963ರ ‘ಕುಲವಧು’, ‘ವೀರಕೇಸರಿ’, ‘ಕನ್ಯಾರತ್ನ’ ಹೀಗೆ ನಾಯಕಿಯಾಗಿ ಅವರ ತುಂಬು ವರ್ಷಗಳ ಚಿತ್ರಗಳು ಒಟ್ಟಿಗೆ ಸಿಗುತ್ತವೆ. 1969ರ ‘ಗೆಜ್ಜೆಪೂಜೆ’ಯ ಸಾಲು ಕೆಂಪು ಶಾಯಿಯದು. ಅಲ್ಲಿ ಕಲ್ಪನಾ ಮಗಳು, ಲೀಲಾವತಿ ತಾಯಿ. ಇಬ್ಬರ ನಡುವೆ ನಿಜವಾದ ವಯಸ್ಸಿನ ಅಂತರ ಅಕ್ಕ ತಂಗಿಯರಷ್ಟು ಮಾತ್ರ. ಆದರೆ ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. 1972ರ ‘ಸಿಪಾಯಿ ರಾಮು’ ಚಿತ್ರದಲ್ಲಿ ಲೀಲಾವತಿಯವರು ಮತ್ತೆ ರಾಜ್‌ಕುಮಾರ್ ಅವರಿಗೆ ಎದುರಾಗಿಯೇ ಬರುತ್ತಾರೆ. ಪಟ್ಟಿಯಲ್ಲಿ ಕೆಂಪಿನ ನಂತರ ಒಮ್ಮೆ ನೀಲಿ ಮರಳಿ ಬಂದಿರುವುದನ್ನು ಕಂಡಾಗ, ನಾಯಕಿಯಿಂದ ತಾಯಿಯ ಪಾತ್ರಕ್ಕೆ ಆಗುವ ಬದಲಾವಣೆ ಎಲ್ಲರಿಗೂ ಒಂದೇ ರೀತಿಯಲ್ಲಿ, ಒಂದೇ ಸಲಕ್ಕೆ ಆದದ್ದಲ್ಲವೆಂಬುದು ತಿಳಿಯುತ್ತದೆ. ಅವರ ಅಭಿನಯದ ಹದವನ್ನು ಅರಿತ ನಿರ್ದೇಶಕರು ಎರಡನ್ನೂ ಒಟ್ಟಿಗೆ ಕೊಟ್ಟಿದ್ದರು, ಅವರು ಎರಡನ್ನೂ ನಿಭಾಯಿಸಿದರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಈ ಕಪಾಟಿನ ಡಿಸ್ಕುಗಳಿಗೆ ಬೇಡಿಕೆ ಬಹಳ ಹೆಚ್ಚಾಯಿತೆಂದು ಅಂಗಡಿಯವರು ಹೇಳಿದರು. ಕಲಾವಿದೆ ಬದುಕಿದ್ದಾಗಲೇ ಆ ಬೇಡಿಕೆ ಇರಬೇಕಿತ್ತು ಎಂಬ ಅವರ ನೋವಿನಲ್ಲಿ ನಾನೂ ಪಾಲುದಾರ.

ಇನ್ನು ಬಿ. ಸರೋಜಾದೇವಿಯವರ ಕಪಾಟು. ಇಲ್ಲಿಯೇ ಅಂಗಡಿಯ ವ್ಯವಸ್ಥೆಯ ದೊಡ್ಡ ಕೊರತೆ ಗೋಚರಿಸುತ್ತದೆ. 1955ರ ‘ಮಹಾಕವಿ ಕಾಳಿದಾಸ’, 1958ರ ‘ಅಣ್ಣ ತಂಗಿ’, 1961ರ ‘ಕಿತ್ತೂರು ಚೆನ್ನಮ್ಮ’, 1964ರ ‘ಅಮರಶಿಲ್ಪಿ ಜಕಣಾಚಾರಿ’, 1969ರ ‘ಮಲ್ಲಮ್ಮನ ಪವಾಡ’, ಎಲ್ಲವೂ ಇವೆ. ಆದರೆ ಈ ಸಾಲನ್ನು ನೋಡಿದ ಹೊಸ ಪ್ರೇಕ್ಷಕರಿಗೆ, ‘ಕಿತ್ತೂರು ಚೆನ್ನಮ್ಮ’ನಂಥ ಚಿತ್ರದ ನಂತರ ಅವರಿಗೆ ಅವಕಾಶಗಳು ಕಡಿಮೆಯಾದವೇನೋ ಎಂಬ ಭಾವನೆ ಬಂದರೆ ಅದು ಅವರ ತಪ್ಪಲ್ಲ. ವಾಸ್ತವ ಅದಕ್ಕೆ ತೀರಾ ವಿರುದ್ಧವಾದದ್ದು. 1958ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ‘ನಾಡೋಡಿ ಮನ್ನನ್’ ತೆರೆಕಂಡ ಮೇಲೆ ಮದರಾಸಿನ ಸ್ಟುಡಿಯೋಗಳಲ್ಲಿ ಅವರಿಗೆ ಬಿಡುವೇ ಇರಲಿಲ್ಲ. 1959ರಲ್ಲಿ ದಿಲೀಪ್ ಕುಮಾರ್ ಅವರೊಂದಿಗೆ ‘ಪೈಗಾಮ್’, 1961ರಲ್ಲಿ ಶಿವಾಜಿ ಗಣೇಶನ್ ಅವರೊಂದಿಗೆ ‘ಪಾಲುಂ ಪಳಮುಂ’, 1962ರಲ್ಲಿ ‘ಆಲಯಮಣಿ’, ನಡುವೆ ತೆಲುಗು ಚಿತ್ರಗಳು. ಕನ್ನಡದಲ್ಲಿ ವಿರಳವಾಗಿ ಕಾಣುವ ವರ್ಷಗಳೇ ಅವರ ವೃತ್ತಿಜೀವನದ ಅತಿ ತುಂಬಿದ ವರ್ಷಗಳು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂದದ್ದು ನಾಲ್ಕು ಭಾಷೆಗಳಲ್ಲಿ ಹರಡಿದ್ದ ಆ ಒಟ್ಟು ಸಾಧನೆಗೆ.

ಅಂಗಡಿಯಲ್ಲಿ ತಮಿಳು, ತೆಲುಗು, ಹಿಂದಿಯ ಡಿಸ್ಕುಗಳನ್ನು ಇಡುವುದು ಬಿಡುವುದು ಅವರ ವ್ಯಾಪಾರಕ್ಕೆ ಬಿಟ್ಟದ್ದು. ಆದರೆ ಪಟ್ಟಿಯ ಹಾಳೆಯಲ್ಲಿ ಆ ಚಿತ್ರಗಳ ಹೆಸರು ಬರೆಯಲು ಏನೂ ಖರ್ಚಾಗದು. ಆ ಕಾಲದಲ್ಲಿ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಮದರಾಸಿನಲ್ಲೇ ತಯಾರಾಗುತ್ತಿದ್ದವು. ನಾಯಕಿಯೊಬ್ಬರು ಬೆಳಗ್ಗೆ ಒಂದು ಭಾಷೆಯ ಚಿತ್ರಕ್ಕೂ ಮಧ್ಯಾಹ್ನದ ಮೇಲೆ ಇನ್ನೊಂದು ಭಾಷೆಯ ಚಿತ್ರಕ್ಕೂ ಬಣ್ಣ ಹಚ್ಚುವುದು ಅಲ್ಲಿ ಅಪರೂಪವಲ್ಲ. ಪಂಡರಿಬಾಯಿಯವರು 1952ರ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರದ ನಾಯಕಿ, ‘ಬೇಡರ ಕಣ್ಣಪ್ಪ’ ಬಂದದ್ದು ಅದಾದ ಎರಡು ವರ್ಷಕ್ಕೆ. ಎರಡು ಭಾಷೆಗಳ ಇಬ್ಬರು ಮಹಾನಟರ ಮೊದಲ ನಾಯಕಿ ಒಬ್ಬರೇ ಎಂಬ ಈ ಹೆಮ್ಮೆಯ ಸಂಗತಿ ಕಪಾಟಿನ ಪಟ್ಟಿಯಲ್ಲಿ ಇಲ್ಲ. ರಾಜಮ್ಮನವರು 1964ರ ‘ಕರ್ಣನ್’ ಚಿತ್ರದಲ್ಲಿ ಕುಂತಿಯಾದದ್ದೂ ಇಲ್ಲ. ಇದನ್ನು ಅಂಗಡಿಯವರ ಗಮನಕ್ಕೆ ತಂದಾಗ ಅವರು ಬೇಸರ ಪಟ್ಟುಕೊಳ್ಳದೆ, ಹಾಳೆಯ ಬಲಬದಿಗೆ ಇನ್ನೊಂದು ಕಲಮು ಎಳೆಯುವುದಾಗಿ ಒಪ್ಪಿದರು. ಅದು ಆದಷ್ಟು ಬೇಗ ಆಗಬೇಕು.

ಇದೇ ಕಾರಣದಿಂದ ತೆಲುಗಿನಿಂದ ಬಂದ ನಟಿಯರಿಗೂ ಇಲ್ಲಿ ಸರಿಯಾದ ಸ್ಥಾನ ಸಿಕ್ಕಿಲ್ಲ. ಸಾಹುಕಾರ್ ಜಾನಕಿಯವರು 1956ರ ‘ಸದಾರಮೆ’ಯಲ್ಲೂ 1959ರ ‘ಮಹಿಷಾಸುರ ಮರ್ದಿನಿ’ಯಲ್ಲೂ ನಾಯಕಿಯಾಗಿದ್ದವರು; ಅವರ ತಂಗಿ ಕೃಷ್ಣಕುಮಾರಿಯವರು 1960ರ ‘ಭಕ್ತ ಕನಕದಾಸ’ದಲ್ಲಿದ್ದವರು. ಇಬ್ಬರ ಡಿಸ್ಕುಗಳನ್ನೂ ‘ಇತರೆ’ ಎಂದು ಬರೆದ ಒಂದೇ ಖಾನೆಯಲ್ಲಿ ಇಡಲಾಗಿದೆ. ಹರಿಣಿ ಮತ್ತು ಮೈನಾವತಿಯವರ ಚಿತ್ರಗಳೂ ಸದ್ಯಕ್ಕೆ ಅಲ್ಲಿಯೇ ಇವೆ. 1951ರ ‘ಜಗನ್ಮೋಹಿನಿ’ಯಿಂದ ‘ನಾಂದಿ’ಯವರೆಗಿನ ಹರಿಣಿಯವರ ಹಾದಿಗೂ, 1959ರ ‘ಅಬ್ಬಾ ಆ ಹುಡುಗಿ’ಯಲ್ಲಿ ಹೆಸರಿಗೆ ತಕ್ಕ ಹುಡುಗಿಯಾಗಿದ್ದ ಮೈನಾವತಿಯವರಿಗೂ ಸ್ವಂತ ಕಪಾಟು ಬೇಕು.

ಕಲ್ಪನಾ ಅವರ ಕಪಾಟಿನ ಬಗ್ಗೆ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಂಗಡಿಯವರ ಶ್ರದ್ಧೆ ಅಲ್ಲಿ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. 1963ರ ‘ಸಾಕುಮಗಳು’ ಚಿತ್ರದಿಂದ ಆರಂಭವಾಗಿ 1979ರ ಮೇ ತಿಂಗಳಲ್ಲಿ ಅವರ ಸಾವಿನೊಂದಿಗೆ ಮುಗಿಯುವ ಈ ಪಟ್ಟಿಯಲ್ಲಿ ಕೆಂಪು ಶಾಯಿ ಬಹುತೇಕ ಇಲ್ಲ. ಆಗ ಅವರಿಗೆ ಮೂವತ್ತೈದೇ ವರ್ಷ. ಅವರಿಗೆ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ತಂದ ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರೂ ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿದವು. 1963ರಲ್ಲೇ ತೀರಿಕೊಂಡ ತ್ರಿವೇಣಿಯವರು ಇವುಗಳಲ್ಲಿ ಒಂದನ್ನೂ ನೋಡಲಿಲ್ಲ. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆಪೂಜೆ’ಯೂ ಸೇರಿ, ಕಲ್ಪನಾ ಅವರ ಬಹುಮುಖ್ಯ ಪಾತ್ರಗಳನ್ನು ಮೊದಲು ಕಲ್ಪಿಸಿದವರು ಲೇಖಕಿಯರು. ಅಂಗಡಿಯವರು ಈ ಡಿಸ್ಕುಗಳ ಪಕ್ಕದಲ್ಲೇ ಆಯಾ ಕಾದಂಬರಿಯ ಹಳೆಯ ಪ್ರತಿಗಳನ್ನು ಜೋಡಿಸಿಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ. ಮದುವೆಯ ಮಾತು ಮುರಿದು ಹೋದವನು ಮತ್ತೆ ತಾನಾಗಿ ಬಂದು ಕೇಳಿಕೊಂಡಾಗ ‘ಬೆಳ್ಳಿಮೋಡ’ದ ಇಂದಿರಾ ಒಪ್ಪದೆ ನಿಲ್ಲುವ ದೃಶ್ಯವನ್ನು, ಕಾದಂಬರಿಯ ಪುಟ ಓದಿ ನಂತರ ನೋಡಿದರೆ, ಬರಹ ಎಲ್ಲಿ ಮುಗಿದು ನಟಿಯ ಕೆಲಸ ಎಲ್ಲಿ ಶುರುವಾಗುತ್ತದೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಈ ಜೊತೆ ಮಾರಾಟದ ಯೋಚನೆಗಾಗಿ ಅಂಗಡಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಜಯಂತಿಯವರ ಕಪಾಟು ಅಷ್ಟು ತೃಪ್ತಿಕರವಾಗಿಲ್ಲ. 1963ರ ‘ಜೇನುಗೂಡು’, 1965ರ ‘ಮಿಸ್ ಲೀಲಾವತಿ’, 1973ರ ‘ಎಡಕಲ್ಲು ಗುಡ್ಡದ ಮೇಲೆ’ ಇವೆ. ಈ ಮೂರರ ನಡುವಿನ ಚಿತ್ರಗಳಲ್ಲಿ ಅನೇಕವು ಇಲ್ಲ.

ಗ್ರಾಮಫೋನ್ ತಟ್ಟೆಗಳ ವಿಭಾಗದಲ್ಲಿ ಅಂಗಡಿಯವರು ಎದುರಿಸಿದ ತೊಡಕು ಗಮನಾರ್ಹ. ಮೂವತ್ತರ ದಶಕದ ನಟಿಯರು ತಮ್ಮ ಹಾಡನ್ನು ತಾವೇ ಹಾಡುತ್ತಿದ್ದರು. ರಂಗಭೂಮಿಯಿಂದ ಬಂದವರಿಗೆ ಕಂಠವೇ ಮೊದಲ ಅರ್ಹತೆಯಾಗಿತ್ತು. ಹಿನ್ನೆಲೆ ಗಾಯನ ನೆಲೆಗೊಂಡ ಮೇಲೆ ತಟ್ಟೆಯ ನಡುವಿನ ಚೀಟಿಯಲ್ಲಿ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಚಿತ್ರದ ಹೆಸರು ಇರುತ್ತವೆಯೇ ಹೊರತು, ತೆರೆಯ ಮೇಲೆ ಆ ಹಾಡಿಗೆ ತುಟಿಯಾಡಿಸಿ ಜೀವ ತುಂಬಿದ ನಟಿಯ ಹೆಸರು ಇರುವುದಿಲ್ಲ. ‘ವೀರಕೇಸರಿ’ಯ ‘ಮೆಲ್ಲುಸಿರೀ ಸವಿಗಾನ’ ಎಂದರೆ ಘಂಟಸಾಲ ಮತ್ತು ಪಿ. ಸುಶೀಲಾ ಎಂದು ಎಲ್ಲರಿಗೂ ಗೊತ್ತು. ಲೀಲಾವತಿಯವರ ಮುಖ ಆ ಹಾಡಿನೊಂದಿಗೆ ಎಷ್ಟು ಬೆರೆತಿದೆಯೆಂಬುದು ಚಿತ್ರ ನೋಡಿದವರಿಗೆ ಮಾತ್ರ ಗೊತ್ತು. ಅಂಗಡಿಯವರು ತಟ್ಟೆಗಳನ್ನು ನಾಯಕಿಯರ ಕಪಾಟಿಗೆ ಹಂಚಲು ಒಂದೊಂದು ಹಾಡು ಯಾರ ಮೇಲೆ ಚಿತ್ರಿತವಾಗಿದೆಯೆಂದು ನೋಡಿ ತಿಳಿದು ಗುರುತು ಹಾಕುತ್ತಿದ್ದಾರೆ. ಕೆಲಸ ಅರ್ಧದಷ್ಟೂ ಮುಗಿದಿಲ್ಲ, ಆದರೆ ಆಗಿರುವಷ್ಟು ನಂಬಿಕೆಗೆ ಅರ್ಹವಾಗಿದೆ.

ಮೊದಲ ದಶಕದ ಕಪಾಟು ಹೆಚ್ಚುಕಡಿಮೆ ಖಾಲಿ. ಇದಕ್ಕೆ ಅಂಗಡಿಯನ್ನು ದೂರುವಂತಿಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ. ಅದರ ನಾಯಕಿ ತ್ರಿಪುರಾಂಬಾ ಅವರನ್ನೂ, ಮಂಡೋದರಿಯಾಗಿದ್ದ ಲಕ್ಷ್ಮೀಬಾಯಿಯವರನ್ನೂ ತೆರೆಯ ಮೇಲೆ ನೋಡುವ ಭಾಗ್ಯ ನಮ್ಮ ಪೀಳಿಗೆಗೆ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದ್ದು, ಹಾಗೆಯೇ ಇಟ್ಟರೂ ವರ್ಷಗಳುರುಳಿದಂತೆ ಅಂಟಂಟಾಗಿ ಕೊಳೆತು ಪುಡಿಯಾಗುವಂಥದ್ದು. ಓಡಿ ಮುಗಿದ ಚಿತ್ರಗಳ ರೀಲುಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಹೀಗಾಗಿ ಈ ಕಪಾಟಿನಲ್ಲಿರುವುದು ಹಾಡಿನ ಪುಸ್ತಕಗಳು, ಅವುಗಳ ನೆರಳಚ್ಚು ಪ್ರತಿಗಳು ಮತ್ತು ಪತ್ರಿಕೆಯ ತುಣುಕುಗಳು ಮಾತ್ರ. ಹಾಡಿನ ಪುಸ್ತಕಗಳನ್ನು ಅಲಕ್ಷ್ಯ ಮಾಡಬಾರದು. ತೆಳ್ಳನೆಯ ಕಾಗದದ ಆ ಕೆಲವೇ ಪುಟಗಳಲ್ಲಿ ತಾರಾಗಣ, ತಂತ್ರಜ್ಞರ ಪಟ್ಟಿ, ಹಾಡುಗಳ ಪೂರ್ಣ ಸಾಹಿತ್ಯ, ಕಥಾಸಾರ ಎಲ್ಲವೂ ಇರುತ್ತವೆ. ಕಥಾಸಾರವಂತೂ ನಾಯಕಿ ಅತ್ಯಂತ ಕಷ್ಟದಲ್ಲಿರುವ ಘಟ್ಟಕ್ಕೆ ಬಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ನಿಂತುಬಿಡುತ್ತದೆ. ಚಿತ್ರವೇ ಕಳೆದುಹೋಗಿರುವಾಗ ಆ ಸಾಲನ್ನು ಓದುವುದು ಬಹಳ ಸಂಕಟದ ಅನುಭವ.

ಮುದ್ರಣದ ಗುಣಮಟ್ಟದ ವಿಷಯಕ್ಕೆ ಬಂದರೆ, ಕಪ್ಪುಬಿಳುಪಿನ ಡಿವಿಡಿಗಳು ಒಟ್ಟಾರೆ ನೋಡುವಂತಿವೆ. ವಿಸಿಡಿಗಳಲ್ಲಿ ದೃಶ್ಯ ಮಸುಕು, ಕೆಲವದರಲ್ಲಿ ಹಾಡುಗಳಿಗೆ ಕತ್ತರಿ ಬಿದ್ದಿದೆ. ಕತ್ತರಿ ಬೀಳುವುದು ಬಹುಪಾಲು ನಾಯಕಿಯ ಒಂಟಿ ಹಾಡಿಗೇ ಎಂಬುದನ್ನು ಹಲವು ಡಿಸ್ಕು ನೋಡಿದ ಮೇಲೆ ಹೇಳುತ್ತಿದ್ದೇನೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ಯ ಡಿಸ್ಕು ಮಾತ್ರ ನಿರಾಸೆ ತರುತ್ತದೆ. ಹಳೆಯ ಈಸ್ಟ್‌ಮನ್ ಕಲರ್ ಪ್ರತಿಗಳಲ್ಲಿ ನೀಲಿ ಹಸಿರಿನ ಅಂಶ ಮೊದಲು ಮಾಸಿಹೋಗುವುದರಿಂದ ಇಡೀ ಚಿತ್ರಕ್ಕೆ ಕೆಂಪು ಛಾಯೆ ಹತ್ತಿಕೊಂಡಿದೆ. ಬೇಲೂರಿನ ಶಿಲ್ಪಿಯ ಐತಿಹ್ಯವನ್ನು ಹೇಳುವ ಚಿತ್ರವಾದ್ದರಿಂದ ಈ ಜಿಲ್ಲೆಯವರಿಗೆ ಅದರ ಮೇಲೆ ವಿಶೇಷ ಅಭಿಮಾನ, ಗಿರಾಕಿಗಳು ಮೊದಲು ಕೇಳುವುದೂ ಅದನ್ನೇ. ಒಳ್ಳೆಯ ಪ್ರತಿ ಸಿಗುವವರೆಗೆ ಅದನ್ನು ಕೊಳ್ಳದೆ, ಬಾಡಿಗೆಗೆ ತೆಗೆದುಕೊಂಡು ನೋಡುವುದು ಮೇಲು. ಅಂಗಡಿಯಲ್ಲೇ ಒಂದು ಟಿವಿ ಮತ್ತು ಡಿವಿಡಿ ಪ್ಲೇಯರ್ ಇದ್ದು, ಕೊಳ್ಳುವ ಮುನ್ನ ಯಾವ ಡಿಸ್ಕನ್ನಾದರೂ ಹಾಕಿ ಪರೀಕ್ಷಿಸಲು ಬಿಡುತ್ತಾರೆ. ಗೀರು ಬಿದ್ದ ಡಿಸ್ಕನ್ನು ತಾವಾಗಿಯೇ ಎತ್ತಿ ಪಕ್ಕಕ್ಕಿಡುತ್ತಾರೆ.

ಪಟ್ಟಿಗಳಲ್ಲಿನ ವರ್ಷಗಳ ಬಗ್ಗೆ ಒಂದು ಎಚ್ಚರಿಕೆ. ‘ಶರಪಂಜರ’ ಒಂದು ಹಾಳೆಯಲ್ಲಿ 1971 ಎಂದೂ ಇನ್ನೊಂದರಲ್ಲಿ 1972 ಎಂದೂ ಇದೆ. ಇಂಥ ವ್ಯತ್ಯಾಸಗಳನ್ನು ತಿದ್ದಿ, ಎಲ್ಲ ಹಾಳೆಗಳನ್ನೂ ಸೇರಿಸಿ ಒಂದು ಪುಸ್ತಿಕೆಯಾಗಿ ಅಚ್ಚು ಹಾಕಿಸಿದರೆ ಕಾಲೇಜಿನ ವಿದ್ಯಾರ್ಥಿಗಳಿಗೂ ಅನುಕೂಲ. ಅಚ್ಚಿನ ಖರ್ಚು ಭರಿಸಲು ಓದುಗರೇ ಮುಂಗಡ ಕೊಡಲು ಸಿದ್ಧರಿರುವುದನ್ನು ಕಂಡಿದ್ದೇನೆ.

ಬೆಲೆಗಳು ನ್ಯಾಯವಾಗಿವೆ. ವಿಸಿಡಿಗೆ 60 ರೂಪಾಯಿಯಿಂದ, ಡಿವಿಡಿಗೆ 120 ರೂಪಾಯಿಯಿಂದ ಆರಂಭ. ಹಾಡಿನ ಪುಸ್ತಕಗಳ ಬೆಲೆ ಸ್ಥಿತಿಯನ್ನು ನೋಡಿ 150ರಿಂದ 500 ರೂಪಾಯಿವರೆಗೆ ಹೋಗುತ್ತದೆ. ನೆರಳಚ್ಚು ಪ್ರತಿಯಾದರೆ 30 ರೂಪಾಯಿ. ಬಾಡಿಗೆಗೆ ಬೇಕಾದವರು 500 ರೂಪಾಯಿ ಠೇವಣಿ ಇಟ್ಟು ತಿಂಗಳಿಗೆ 200 ರೂಪಾಯಿ ಕಟ್ಟಬೇಕು, ಒಮ್ಮೆಗೆ ಎರಡು ಚಿತ್ರ ಕೊಡುತ್ತಾರೆ. ನಗದು ಮತ್ತು ಫೋನಿನ ಮೂಲಕ ಪಾವತಿ ಎರಡೂ ನಡೆಯುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತದೆ. ಹಾಸನಾಂಬ ದೇವಿಯ ಗುಡಿ ತೆರೆದಿರುವ ದಿನಗಳಲ್ಲಿ ಪೇಟೆಯ ಬೀದಿಗಳಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟವಾದ್ದರಿಂದ, ಸಕಲೇಶಪುರ, ಚನ್ನರಾಯಪಟ್ಟಣದ ಕಡೆಯಿಂದ ಬರುವವರು ಆ ದಿನಗಳನ್ನು ಬಿಟ್ಟು ಬರುವುದು ಒಳ್ಳೆಯದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟು: ಪಂಡರಿಬಾಯಿಯವರ ಕಪಾಟಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ‘ಬೇಡರ ಕಣ್ಣಪ್ಪ’, ‘ರಾಯರ ಸೊಸೆ’, ‘ಬೆಳ್ಳಿಮೋಡ’ ಈ ಮೂರನ್ನು ಇದೇ ಕ್ರಮದಲ್ಲಿ ಬಾಡಿಗೆಗೆ ತನ್ನಿರಿ. ಒಮ್ಮೆಗೆ ಎರಡೇ ಚಿತ್ರ ಎಂಬ ನಿಯಮವಿದ್ದರೂ, ಒಬ್ಬರದೇ ಕಪಾಟಿನಿಂದ ವರ್ಷದ ಕ್ರಮದಲ್ಲಿ ನೋಡುತ್ತೇವೆಂದು ಹೇಳಿದವರಿಗೆ ಅಕ್ಕ ಮೂರನೆಯದನ್ನೂ ಕೊಡುತ್ತಾರೆ.